ಪೀಕಾಕ್ ಬಾಸ್‌ಗೆ ಕಡ್ಲೆಪುರಿ

"ನೋಡ್ಕೋತೀವಿ ಬಿಡಿ ಅಂಕಲ್, ಅದೇನ್ ಮಹಾ!" ಅಂತ ಫೋನಲ್ಲಿ ಹೇಳಿದವಳು ನಾನೇ. ನನ್ನ ಬಾಯಿಗೆ ಬೀಗ ಹಾಕೋರು ನಮ್ಮನೇಲಿ ಯಾರೂ ಇಲ್ಲ, ಅದೇ ತೊಂದರೆ.

ಕೆಲಸಕ್ಕೆ ಅಂತ ಪರದೇಶಕ್ಕೆ ಬಂದಿದ್ದೆವು. ನನ್ನ ಗಂಡನ ಆಫೀಸು ಪೆಟಾಲಿಂಗ್ ಜಯಾದಲ್ಲಿ. ಆದರೆ ನಾವಿದ್ದದ್ದು ಕಾಜಾಂಗ್ ಊರಾಚೆ, ತಮಿಳು ಅಂಕಲ್ ಒಬ್ಬರ ಔಟ್‌ಹೌಸಲ್ಲಿ. ಅಂಕಲ್ ರಿಟೈರ್ ಆದ ಮೇಷ್ಟ್ರು. ಮೀನಿನ ಹುಚ್ಚು. ಜೀವಮಾನವೆಲ್ಲ ಟಿಕೆಟ್ ತಗೊಂಡು ಬೇರೆಯವರ ಕೊಳದಲ್ಲಿ ಗಾಳ ಹಾಕಿದವರು. "ನನ್ನ ಕೊಳದಲ್ಲಿ ನನ್ನ ಮೀನು ನಾನೇ ಹಿಡೀಬೇಕು ಮಾ, ಒಂದೇ ಒಂದು ಸಾಕು" ಅಂತಿದ್ದರು. ಅದಕ್ಕೇ ಹಿತ್ತಲಲ್ಲಿ ಕೊಳ ತೋಡಿಸಿ, ಪೀಕಾಕ್ ಬಾಸ್ ಅನ್ನೋ ಜಾತಿ ಮೀನಿನ ಬೆರಳುದ್ದದ ಮೂವತ್ತು ಮರಿ ತಂದು ಬಿಟ್ಟರು. ನಾಲ್ಕು ದಿನಕ್ಕೆ ಅಂತ ಬೇರೆ ರಾಜ್ಯದ ಬಯಾನ್ ಲೆಪಾಸಲ್ಲಿದ್ದ ಮಗಳ ಮನೆಗೆ ಹೋದರು. ಲಾಕ್‌ಡೌನ್ ಆಗಿ ಅಲ್ಲೇ ಸಿಕ್ಕಿಹಾಕ್ಕೊಂಡು, ಮೀನು ನೋಡ್ಕೊಳ್ಳಿ ಅಂತ ಫೋನ್ ಮಾಡಿದರು. ರಾಜ್ಯದ ಗಡಿ ದಾಟೋ ಹಾಗೇ ಇರಲಿಲ್ಲ. ನಮ್ಮ ಪಾಲಿಗೆ ಸಿಕ್ಕಿಹಾಕ್ಕೊಂಡವರು ನಮ್ಮತ್ತೆ. ಎರಡು ತಿಂಗಳಿಗೆ ಅಂತ ಮೈಸೂರಿಂದ ಬಂದಿದ್ದರು. ವಿಮಾನ ಶುರುವಾದ ಮೇಲೂ, ಬೀಪಿ ಇರೋ ಅಮ್ಮನ್ನ ಒಬ್ಬರನ್ನೇ ಹತ್ತಿಸೋಕೆ ಮಗನಿಗೆ ಧೈರ್ಯ ಬರಲಿಲ್ಲ.

ನಮ್ಮದು ಮೊಟ್ಟೆ ಇರೋ ಕೇಕನ್ನೂ ಒಳಗೆ ಬಿಡದ ಮನೆ. ನಮಗೆ ಗೊತ್ತಿದ್ದ ಮೀನು ಅಂದ್ರೆ ದೇವಸ್ಥಾನದ ಮುಂದಿನ ಹೊಳೇಲಿ ಕಡ್ಲೆಪುರಿಗೆ ಬಾಯಿ ತೆರೆದುಕೊಂಡು ಬರೋವು. ಸರಿ, ತಮಿಳರ ಅಂಗಡಿಯಿಂದ ಪುರಿ ತರಿಸಿದ್ದಾಯ್ತು. ಬೆಳಿಗ್ಗೆ ಸಂಜೆ ಅತ್ತೆ ಭಕ್ತಿಯಿಂದ ಚೆಲ್ಲಿದ್ದೇ ಚೆಲ್ಲಿದ್ದು. ಒಂದಾದರೂ ಮೀನು ಮೂಸಿ ನೋಡಲಿಲ್ಲ. ನೀರಿನ ಮೇಲೆ ಪುರಿ ನೆನೆದು ಗಂಜಿಯಾಯ್ತು.

ವಾರವಾದ ಮೇಲೆ ವಿಡಿಯೋ ಕಾಲ್ ಮಾಡಿ ತೋರಿಸಿದರೆ ಅಂಕಲ್ ತಲೆ ತಲೆ ಚಚ್ಕೊಂಡರು. "ಅಯ್ಯೋ ಮಾ, ಇದು ಕೋವಿಲ್ ಮೀನಲ್ಲ ಲಾ! ಇದು ಜೀವ ಇರೋ ಮೀನನ್ನೇ ತಿನ್ನೋದು!" ಹಿಂದಿನ ಸಿಮೆಂಟ್ ತೊಟ್ಟಿಗಳಲ್ಲಿ ಸಣ್ಣ ತಿಲಾಪಿಯಾ ಮೀನುಗಳಿವೆ, ಮರಿ ಹಾಕ್ತಾನೇ ಇರ್ತವೆ, ದಿನಾ ಸಂಜೆ ಒಂದು ಬಲೆ ಬಾಚಿ ಕೊಳಕ್ಕೆ ಸುರೀಬೇಕು ಅಂದರು.

ಮನೇಲಿ ಭಾರಿ ಮೀಟಿಂಗ್ ನಡೀತು. ಗಂಡ "ನನ್ನ ಕೈಲಾಗಲ್ಲಪ್ಪ, ನನಗೆ ಕಾಲ್ ಇದೆ" ಅಂತ ಲ್ಯಾಪ್‌ಟಾಪ್ ಹಿಂದೆ ಅಡಗಿಕೊಂಡರು. ಪುಣ್ಯಾತ್ಮರಿಗೆ ಅವತ್ತಿಂದ ದಿನಾ ಸಂಜೆ ಐದೂವರೆಗೇ ಕಾಲ್! ಅತ್ತೆ ಮಾತ್ರ, "ತೊಟ್ಟೀಲಿರೋವಾದ್ರೂ ಪುರಿ ತಿಂತಾವೇನೋ ನೋಡ್ತೀನಿ" ಅಂತ ಎದ್ದು ಹೋದರು. ಅವು ತಿಂದವು! ಪುರಿ, ಮಿಕ್ಕಿದ ಅನ್ನ, ದೋಸೆ ಚೂರು, ಎಲ್ಲಾ. ಹೀಗಾಗಿ ತೊಟ್ಟಿ ಅತ್ತೆಗೆ, ಕೊಳ ನನಗೆ ಅಂತ ತಾನಾಗೇ ಪಾಲಾಯ್ತು. ಮಾತು ಕೊಟ್ಟವಳು ನಾನು ತಾನೆ?

ಮೊದಲ ದಿನ ಬಲೆ ಕೊಳಕ್ಕೆ ಕೊಡವಿ, ತಿರುಗಿಯೂ ನೋಡದೆ ಓಡಿಬಂದೆ. ರಾತ್ರಿ ಊಟ ಸೇರಲಿಲ್ಲ. ಮೂರು ತಿಂಗಳಾಗೋ ಹೊತ್ತಿಗೆ ಕಾಫಿ ಲೋಟ ಹಿಡ್ಕೊಂಡು ದಡದಲ್ಲಿ ನಿಂತು ನೋಡ್ತಿದ್ದೆ, ಸುಳ್ಳು ಯಾಕೆ ಹೇಳಲಿ? ಹಸಿರು ಮೈ, ಬಾಲದ ಬುಡದಲ್ಲಿ ನವಿಲುಗರಿಯಂಥ ಕಣ್ಣು. ಏನ್ ಚೆಂದ! ನನ್ನ ಕೆಂಪು ನೈಟಿ ಕಂಡರೆ ಸಾಕು, ಮೂವತ್ತೂ ದಡಕ್ಕೆ ನುಗ್ಗುತ್ತಿದ್ದವು. ನಾನು ತೊಟ್ಟಿ ಹತ್ತಿರ ಬಲೆ ಹಿಡ್ಕೊಂಡು ಬರೋ ಹೊತ್ತಿಗೆ ಅತ್ತೆ ದೀಪ ಹಚ್ಚಬೇಕು ಅಂತ ಒಳಗೆ ಹೋಗಿಬಿಡ್ತಿದ್ದರು.

ಒಂದೂವರೆ ವರ್ಷದ ಮೇಲೆ ಗಡಿ ತೆರೀತು. ಅಂಕಲ್ ಬಂದವರೇ ಮಾಸ್ಕ್ ಕೂಡ ತೆಗೆಯದೆ ಗಾಳ ಹಿಡಿದು ಕೂತರು. ಒಂದು ದಿನ, ಎರಡು ದಿನ, ಮೂರು ದಿನ. ಊಹೂಂ. ಮೀನುಗಳು ಅವರ ಕಡೆ ತಲೆ ಹಾಕಲಿಲ್ಲ. ಮುದುಕರ ಮುಖ ನೋಡೋಕಾಗುತ್ತಿರಲಿಲ್ಲ. ನಾಲ್ಕನೇ ಸಂಜೆ ಬಾಗಿಲಿಗೆ ಬಂದು ಸಂಕೋಚದಿಂದ ಕೇಳಿದರು, "ನೀನು ದಿನಾ ನಿಲ್ಲೋ ಜಾಗದಲ್ಲಿ ಸ್ವಲ್ಪ ಬಂದು ನಿಲ್ತೀಯಾ ಮಾ?"

ನಂಬಿ ಬರೋವುಗಳನ್ನ ನಾನೇ ಹಿಡಿದುಕೊಡೋದಾ? ಹೋಗದಿದ್ದರೆ ಈ ಮನುಷ್ಯನ ಒಂದೇ ಒಂದು ಆಸೆ? ನೈಟಿ ಮೇಲೊಂದು ದುಪಟ್ಟಾ ಹೊದ್ದು ಹೋಗಿ ನಿಂತೆ. ಬಂದವು, ಎಲ್ಲವೂ. ಅಂಕಲ್ ಗಾಳ ಬೀಸಿದರು, ಕೋಲು ಬಗ್ಗಿತು, ಮೊಳದುದ್ದದ ಮೀನು ಎಳೆದರು. ಮಗುವಿನ ಹಾಗೆ ನಗ್ತಿದ್ದರು.

ನನಗೆ ಗೊಳೋ ಅಂತ ಅಳು ಬಂತು. "ಬಿಟ್ಬಿಡಿ ಅಂಕಲ್, ನಾನು ಸಾಕಿದ್ದು ಅದು!" ಅಂದೆ. ಅವರ ನಗು ನಿಂತಿತು. ಮೀನು ಬಿಡೋಕೆ ನೀರಿನ ಕಡೆ ಬಗ್ಗಿದರು.

"ಅಲ್ಲ ಕಣೇ," ಅಂದರು ತೊಟ್ಟಿ ಹತ್ತಿರ ನಿಂತಿದ್ದ ಅತ್ತೆ. ದನೀಲಿ ಕೋಪ ಇರಲಿಲ್ಲ. "ಒಂದೂವರೆ ವರ್ಷ ದಿನಾ ಸಂಜೆ ನಾನು ಸಾಕಿದ್ದನ್ನ ನೀನು ಬಾಚ್ಕೊಂಡು ಹೋದೆ. ನಾನು ಒಂದು ದಿನ ಬಾಯಿ ಬಿಟ್ಟೆನಾ?"

ಆ ಯೋಚನೆ ನನಗೆ ಒಂದು ಸಲವೂ ಬಂದಿರಲಿಲ್ಲ. ನಾಚಿಕೆಯಾಯ್ತು.

"ಬಿಡಬೇಡಿ ಅಂಕಲ್," ಅಂದೆ. "ಅದು ನಿಮ್ಮ ಮೀನು."