ಎರಡನೇ ಗೇರಿನ ಏರು

ಜೀಪಿನ ಎಂಜಿನ್ನಿಗೆ ಇನ್ನಷ್ಟು ಶಕ್ತಿ ತುಂಬಿಸಲೇಬೇಕೆಂದು ನಾನು ಹಟ ಹಿಡಿದದ್ದು ವೇಗದ ಹುಚ್ಚಿಗಲ್ಲ. ನನ್ನ ಎಡಗಾಲಿಗೆ ಪೋಲಿಯೊ. ಕೋಣನಕುಂಟೆಯಿಂದಾಚೆಯ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ಬಸ್ಸು ಕನಕಪುರ ರಸ್ತೆಯಲ್ಲೇ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಶಾಲೆಯವರೆಗಿನ ಮಣ್ಣಿನ ದಾರಿ ನಡೆಯುವುದು ನನ್ನಿಂದಾಗದ ಮಾತು. ಅಣ್ಣನೇ ದಿನವೂ ಜಯನಗರದ ಮನೆಯಿಂದ ತನ್ನ ಹಳೇ ಜೀಪಿನಲ್ಲಿ ಕರೆದೊಯ್ದು ಬಿಡುತ್ತಿದ್ದ. ಎಂಬತ್ತರ ದಶಕದ ಆರಂಭ ಅದು. ಆ ಬೇಸಿಗೆಯಲ್ಲಿ ಅವನಿಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಖಾಯಂ ಆಯಿತು. ಜೂನ್‌ನಲ್ಲಿ ಶಾಲೆ ತೆರೆದರೆ ನನ್ನನ್ನು ಬಿಡುವವರು ಯಾರು?

“ಕೆಲಸ ಬಿಟ್ಬಿಡು. ಮನೇಲಿ ನಿನಗೇನು ಕಮ್ಮಿ ಆಗಿದೆ?” ಎಂದ ಅಣ್ಣ.

“ಜೀಪು ನಾನೇ ಓಡಿಸ್ತೀನಿ,” ಎಂದೆ.

ನಕ್ಕ. ಆದರೂ ಕಲಿಸಿದ. ಜೆ.ಪಿ. ನಗರದಲ್ಲಿ ಆಗ ಸೈಟುಗಳಿಗೆ ಕಲ್ಲು ನೆಟ್ಟಿದ್ದರೂ ಮನೆಗಳೆದ್ದಿರಲಿಲ್ಲ. ಖಾಲಿ ರಸ್ತೆಗಳು ಬೇಕಾದಷ್ಟಿದ್ದವು. ಕ್ಲಚ್ ಒತ್ತಲು ನನ್ನ ಕಾಲಿಗೆ ಬಲ ಸಾಲದು. ಬಲಗೈಯಿಂದ ಎಡಮಂಡಿಯನ್ನು ಅದುಮಿ, ಎಡಗೈಯಿಂದ ಗೇರ್ ಬದಲಿಸುತ್ತಿದ್ದೆ. ಆ ಹೊತ್ತು ಸ್ಟೀರಿಂಗು ದೇವರ ಪಾಲು. ಸಪಾಟು ರಸ್ತೆಯಲ್ಲಿ ದೇವರು ನೋಡಿಕೊಂಡ, ಲೈಸೆನ್ಸೂ ಸಿಕ್ಕಿತು.

ತೊಡಕಿದ್ದದ್ದು ಶಾಲೆಯ ಹತ್ತಿರ. ಅಲ್ಲೊಂದು ಹಳ್ಳ, ಅದರ ತುಂಬ ಮರಳು, ಮರಳು ದಾಟುತ್ತಿದ್ದಂತೆಯೇ ಕಡಿದಾದ ಏರು. ನಿಧಾನಿಸಿದರೆ ಚಕ್ರ ಹೂತುಹೋಗುತ್ತದೆ, ಆದ್ದರಿಂದ ಎರಡನೇ ಗೇರಿನಲ್ಲಿ ಓಡಿಸಿಕೊಂಡೇ ಏರಿಗೆ ನುಗ್ಗಬೇಕು. ಅರ್ಧಕ್ಕೆ ಬರುವಷ್ಟರಲ್ಲಿ ಎಂಜಿನ್ ಸೊರಗುತ್ತದೆ. ಅಣ್ಣ ಅಲ್ಲಿ ಸರಕ್ಕನೆ ಒಂದನೇ ಗೇರಿಗೆ ಇಳಿಸುತ್ತಿದ್ದ. ಪಕ್ಕದಲ್ಲೇ ಆಳದ ಕೊರಕಲು. ನಾನು ಅಲ್ಲಿ ಸ್ಟೀರಿಂಗು ಬಿಟ್ಟರೆ ದೇವರೂ ಕಾಯುವುದಿಲ್ಲ. ಮುಂದಿನ ಚಕ್ರಗಳಿಗೂ ಶಕ್ತಿ ಕೊಡುವ ಶಾಫ್ಟು, ಲಿವರುಗಳನ್ನು ಹಿಂದಿನ ಮಾಲೀಕ ಪೆಟ್ರೋಲು ಉಳಿಯಲೆಂದು ಬಿಚ್ಚಿ ಗುಜರಿಗೆ ಹಾಕಿದ್ದ. ಆಗ ಎಲ್ಲ ಜೀಪಿನವರೂ ತೋರುತ್ತಿದ್ದ ಜಾಣತನ ಅದು. ಹಾಗಾಗಿ ನನ್ನ ಪಾಲಿಗಿದ್ದ ದಾರಿ ಒಂದೇ, ಎರಡನೇ ಗೇರಿನಲ್ಲೇ ತುದಿ ಮುಟ್ಟಿಸುವಂಥ ಎಂಜಿನ್.

ಬನಶಂಕರಿಯಲ್ಲಿ ಶೀಟಿನ ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್ ಬಾಯಿಬಡುಕ, ಆದರೆ ಕೆಲಸಗಳ್ಳನಲ್ಲ. “ಬಿಡಿ ಮೇಡಂ, ರಾಕೆಟ್ ಮಾಡ್ಕೊಡ್ತೀನಿ,” ಎಂದು ಯಾವುದೋ ದೊಡ್ಡ ಕಾರಿನ ಕಾರ್ಬುರೇಟರ್ ತಂದು ಕೂಡಿಸಿದ. ಜಯನಗರದ ರಸ್ತೆಯಲ್ಲಿ ಜೀಪು ನಿಜಕ್ಕೂ ಹಾರಿತು. “ಪಿಕಪ್ ನೋಡಿ ಮೇಡಂ, ಸಖತ್ ಅಲ್ವಾ?” ಎಂದು ಬೀಗಿದ. ಭಾನುವಾರ ಮೂವರೂ ಏರಿಗೆ ಹೋದೆವು. ಮೊದಲಿಗಿಂತ ಕೆಳಗೇ ಅದು ಕೆಮ್ಮಿ, ಉಸಿರು ಬಿಟ್ಟು ನಿಂತಿತು.

“ಏರಲ್ಲಿ ಗೇರ್ ಇಳಿಸ್ಬೇಕು ಮೇಡಂ. ಎಲ್ರೂ ಇಳಿಸ್ತಾರೆ,” ಎಂದ ಮೆಕ್ಯಾನಿಕ್.

“ಕುಣಿಯಲಾರದವಳಿಗೆ ನೆಲ ಡೊಂಕು,” ಎಂದ ಅಣ್ಣ, ತಮಾಷೆಗೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಅಳು ಬಂದರೆ ಸೋತಂತೆ ಎಂದು ಸಿಟ್ಟನ್ನೇ ಹಿಡಿದುಕೊಂಡೆ.

ಮರುದಿನ ಗ್ಯಾರೇಜಿಗೆ ಹೋಗಿ ಸ್ಟೂಲು ಎಳೆದು ಕೂತೆ. ಎಂಜಿನ್ನಿನೊಳಗೆ ಏನು ನಡೆಯುತ್ತದೆಂದು ಹೇಳುವ ತನಕ ಏಳುವುದಿಲ್ಲ ಎಂದೆ. ಪಾಪ, ಹೇಳಿದ. ಕಾರ್ಬುರೇಟರ್ ಬೆರೆಸಿ ಕಳಿಸುವ ಗಾಳಿ, ಪೆಟ್ರೋಲನ್ನು ಪಿಸ್ಟನ್ ಎಷ್ಟು ಬಿಗಿಯಾಗಿ ಅದುಮುತ್ತದೋ ಕಿಡಿ ತಾಕಿದಾಗ ಅಷ್ಟೇ ಜೋರಾಗಿ ಒದೆಸಿಕೊಳ್ಳುತ್ತದೆ. ದೊಡ್ಡ ಕಾರ್ಬುರೇಟರ್ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ನನ್ನ ಏರಿನಲ್ಲಿ ಎಂಜಿನ್ ತಿರುಗುವುದೇ ಮೆಲ್ಲಗೆ.

“ಹಾಗಾದ್ರೆ ನನಗೆ ಪಿಕಪ್ ಬೇಡ. ಪುಲ್ಲಿಂಗ್ ಬೇಕು. ಎಮ್ಮೆ ಥರ ನಿಧಾನ ಹೋದ್ರೂ ನಿಲ್ಲಬಾರದು,” ಎಂದೆ.

ಅವನು ತಲೆ ಕೆರೆದುಕೊಂಡ. “ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಮೇಡಂ?”

ಹೇಳಿದ್ದೆ. ರಾಕೆಟ್ಟಿನ ಗದ್ದಲದಲ್ಲಿ ಅವನಿಗೆ ಕೇಳಿಸಿರಲಿಲ್ಲ.

ಹಳೇ ಸಣ್ಣ ಕಾರ್ಬುರೇಟರ್ ವಾಪಸ್ಸು ಬಂತು. ಸಿಲಿಂಡರುಗಳ ಮೇಲಿನ ಮುಚ್ಚಳ, ಗ್ಯಾರೇಜಿನವರು ಹೆಡ್ ಎನ್ನುವುದು, ಬಿಚ್ಚಿ ವರ್ಷಗಳ ಮಸಿಯನ್ನು ಕೆರೆದು ತೆಗೆದರು. ಅದರ ತಳವನ್ನು ಒಂದಿಷ್ಟು ಹೆರೆಸಿದೆವು, ಒಳಗಿನ ಜಾಗ ಕಿರಿದಾಗಿ ಬಿಗಿ ಹೆಚ್ಚಲಿ ಎಂದು. ಸೋರುತ್ತಿದ್ದ ವಾಲ್ವುಗಳನ್ನು ಉಜ್ಜಿ ಕೂಡಿಸಿದರು. ನಜ್ಜುಗುಜ್ಜಾಗಿ ಹೊಗೆಯನ್ನು ತಡೆಯುತ್ತಿದ್ದ ಸೈಲೆನ್ಸರ್ ಕೊಳವೆಯ ಜಾಗಕ್ಕೆ ಹೊಸದು ಬಂತು. ಉಳಿದದ್ದು ಕಿಡಿ ಹಾರುವ ಸಮಯ. ತಡವಾದರೆ ಎಂಜಿನ್ ಸೋಮಾರಿ, ಮುಂಚಾದರೆ ಒಳಗೆ ಕಟಕಟ ಬಡಿತ. ಅದನ್ನು ಗ್ಯಾರೇಜಿನಲ್ಲಿ ಕೂತು ಹೊಂದಿಸಲಾಗದು, ಏರಿನಲ್ಲೇ ಆಗಬೇಕು.

ಬೇಸಿಗೆ ರಜೆಯ ಭಾನುವಾರಗಳೆಲ್ಲ ಆ ಹಳ್ಳಕ್ಕೇ ಹೋದವು. ಓಡಿಸುವವಳು ನಾನೇ. ಮೆಕ್ಯಾನಿಕ್ ಪಕ್ಕದಲ್ಲಿ ಕಿವಿ ನಿಮಿರಿಸಿ ಕೂರುತ್ತಿದ್ದ. ಎಂಜಿನ್ ನಿಂತಲ್ಲಿ ಅಣ್ಣ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಒಂದು ವಾರ ಹುಣಸೇಮರದವರೆಗೆ, ಇನ್ನೊಂದು ವಾರ ಅದರಾಚೆಯ ಬಂಡೆಯವರೆಗೆ. ಹಳ್ಳಿಯವರು ನೋಡಿ ನಗುತ್ತಿದ್ದರು. ನಗಲಿ ಎಂದುಕೊಂಡೆ, ಅವರ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕಾದವಳು ನಾನು.

ಶಾಲೆ ತೆರೆಯುವ ಹೊತ್ತಿಗೂ ತುದಿ ಮುಟ್ಟಿರಲಿಲ್ಲ. ಹಿಂದಿನ ದಿನ ಮೆಕ್ಯಾನಿಕ್ ಕಿಡಿಯನ್ನು ಇನ್ನೊಂದು ಕೂದಲೆಳೆ ಮುಂದಕ್ಕೆ ಸರಿಸಿದ. “ಕಟಕಟ ಅಂದ್ರೆ ಕಾಲು ಸ್ವಲ್ಪ ಎತ್ತಿ ಮೇಡಂ. ತುಳೀಬೇಡಿ,” ಎಂದು ಎಚ್ಚರಿಸಿದ.

ಅಣ್ಣ ಆ ದಿನಕ್ಕೆ ರಜೆ ಹಾಕಿ ಪಕ್ಕದಲ್ಲಿ ಕೂತ. ಹತ್ತದಿದ್ದರೆ ರಾಜೀನಾಮೆ ಎಂದು ಮನೆಯಲ್ಲಿ ಮಾತಾಗಿತ್ತು. ಮರಳು ದಾಟಿತು. ಹುಣಸೇಮರ ದಾಟಿತು. ಬಂಡೆಯ ಹತ್ತಿರ ಎಂಜಿನ್ ಸದ್ದು ಕುಗ್ಗುತ್ತ ಬಂತು, ಒಳಗೆ ಕಟಕಟ ಶುರುವಾಯಿತು. ಅಣ್ಣನ ಕೈ ಗೇರಿನ ಕಡೆ ಬಂತು.

“ನೀನು ಕ್ಲಚ್ ಒತ್ತು, ನಾನು ಹಾಕ್ತೀನಿ.”

“ಕೈ ತೆಗಿ ಅಣ್ಣ!”

ಅವನ ಕೈಗೆ ಹೊಡೆದೇಬಿಟ್ಟೆ. ಇನ್ನೂ ತುಳಿ ಎಂದು ಜೀವವೆಲ್ಲ ಹೇಳುತ್ತಿದ್ದರೂ ಬಲಗಾಲನ್ನು ಒಂದಿಷ್ಟು ಎತ್ತಿದೆ. ಬಡಿತ ನಿಂತಿತು. ಜೀಪು ನಿಲ್ಲಲಿಲ್ಲ. ಗುಡುಗುಡು ಎಂದು ಗೊಣಗುತ್ತ, ಒಂದೊಂದೇ ಮೊಳ ಎಳೆದುಕೊಂಡು, ಶಾಲೆಯ ಬಯಲಿಗೆ ಬಂದು ನಿಂತಿತು. ನಾನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತೆ.

ಅಣ್ಣ ಕೆಳಗಿಳಿದ. ಅವನ ಕಣ್ಣೂ ಕೆಂಪಾಗಿತ್ತು. “ಸಂಜೆ ನೀನೇ ಓಡಿಸ್ಕೊಂಡು ಬಾ. ನಾನು ಬಸ್ ಹಿಡೀತೀನಿ,” ಎಂದು ಹೊರಟ.

ಚಿಕ್ಕಂದಿನಿಂದ ಅವನು ನನ್ನ ಪಕ್ಕದಲ್ಲೇ ನಡೆದವನು, ಶಾಲೆಗೆ, ಮದುವೆಮನೆಗೆ, ಆಸ್ಪತ್ರೆಗೆ. ಅಂದು ಅವನು ಒಬ್ಬನೇ ಏರು ಇಳಿದು, ಹಳ್ಳ ದಾಟಿ, ನೋಡನೋಡುತ್ತಿದ್ದಂತೆ ದೂರವಾದ. ಅಣ್ಣ ಅಷ್ಟು ಬಿರುಸಾಗಿ ನಡೆಯುತ್ತಾನೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.