ಎರಡು ಮೊಳದ ತಪ್ಪು

ನೇಯ್ದ ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದು ಅಂಗಡಿಗೆ ಕೊಳ್ಳುವ ಮೊದಲು ತಪ್ಪು ಹುಡುಕುವುದು ನನ್ನ ಕೆಲಸ. ನನ್ನ ಕಣ್ಣು ಮೋಸ ಹೋಗುವುದಿಲ್ಲ ಎಂಬ ಜಂಬವೂ ಇದೆ. ಕೊಳ್ಳೇಗಾಲದ ಒಬ್ಬ ನೇಕಾರರ ಮನೆಯಲ್ಲಿ ಬಿಡಿಸಿದ ಸೀರೆಯ ನಡುವೆ ಎರಡು ಮೊಳದಷ್ಟು ನೇಯ್ಗೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅವರ ಕುಡಿತ ಬೀದಿಗೆಲ್ಲ ಗೊತ್ತಿದ್ದದ್ದೇ. ಅಲ್ಲಿ ಬೆರಳಿಟ್ಟು, "ಯಜಮಾನ್ರೇ, ಇದನ್ನ ಕುಡಿದು ನೇಯ್ದಿದ್ದೀರಿ" ಅಂದೆ.

"ಇಲ್ಲ ಸಾ. ಕುಡ್ದು ನೇಯ್ದಿದ್ದು ಅದಕ್ಕೂ ಮೊದಲಿಂದು, ನೆಟ್ಟಗೈತೆ ನೋಡಿ. ಆಗ ಒಂದು ಕ್ವಾಟ್ರು ಬಿದ್ರೆ ಕೈ ನಿಲ್ತಿತ್ತು. ನೀವು ತೋರಿಸ್ತಿರೋದು ಕುಡ್ಯೋದು ಬಿಟ್ಟ ವಾರದ್ದು. ಡಾಕ್ಟ್ರ ಮಾತ್ರೆ ನುಂಗಿದ್ರೂ ನಡುಕ. ಕ್ವಾಪ ಬಂದು ನನ್ನ ಹೆಂಡ್ತಿ ಇವಳ ಮ್ಯಾಲೆ ಮಗ್ಗದ ಲಾಳಿ ಎಸ್ದಿದ್ದೂ ಆ ವಾರವೇ."

ಅಲ್ಲಿಂದ ಮುಂದಕ್ಕೆ, ಆ ವಾರದ ನಂತರ ನೇಯ್ದದ್ದನ್ನು, ಕೊನೆಯವರೆಗೂ ಹುಡುಕಿದೆ. ಒಂದು ಎಳೆಯೂ ಆಚೀಚೆ ಇರಲಿಲ್ಲ. ಆದರೂ ನಿಯಮ ನಿಯಮವೇ. ಈ ಸೀರೆ ತಗೊಳ್ಳೋಕಾಗಲ್ಲ ಅಂದೆ.

ಗೋಡೆಗೆ ಒರಗಿ ನಿಂತಿದ್ದ ಅವರ ಹೆಂಡತಿ ಮುಂದೆ ಬಂದು ಸೀರೆಯನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಬ್ಯಾಡಿ ಬುಡಿ ಸಾ. ಇದ ನಾನೇ ಉಡ್ತೀನಿ. ಇವ್ರು ಕುಡ್ತ ಬುಟ್ಟ ಆ ಎಲ್ಡು ಮೊಳ ಮುಂದ್ಗಡೆ ನೆರಿಗೇಲಿ ಕಾಣೋ ಹಂಗೆ."

ನಾನು ತಳ್ಳಿಹಾಕಿದ ಸೀರೆಗಳಿಗೆ ಲೆಕ್ಕವಿಲ್ಲ. ತಪ್ಪು ಎದ್ದು ಕಾಣಲಿ ಎಂದೇ ಉಡುವ ಗಿರಾಕಿ ಮಾತ್ರ ಅವರೊಬ್ಬರೇ.