ಮೊದಲು ಊರು ಕೇಳುತ್ತಿದ್ದ ದೊಡ್ಡಪ್ಪ

ದೊಡ್ಡಪ್ಪನ ಎಡಗೆನ್ನೆ ಸದಾ ಉಬ್ಬಿರುತ್ತಿತ್ತು. ಬೆಳಗ್ಗೆ ಚಹಾ ಕುಡಿದ ಮೇಲೆ ಅಲ್ಲಿ ಸೇರಿದ ಎಲೆ-ಅಡಿಕೆಯ ಉಂಡೆ ರಾತ್ರಿ ಊಟದ ಹೊತ್ತಿಗೇ ಹೊರಗೆ ಬರುತ್ತಿದ್ದುದು. ಯಾರಾದರೂ ಅರ್ಜಿ ಹಿಡಿದು ಕಟ್ಟೆಯ ಮುಂದೆ ಬಂದು ನಿಂತರೆ ಆ ಉಂಡೆಯನ್ನು ನಾಲಗೆಯಿಂದ ಇನ್ನಷ್ಟು ಒಳಕ್ಕೆ ಒತ್ತಿ, ಮಾತಿಗೆ ಜಾಗ ಮಾಡಿಕೊಂಡು, ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಯಾವೂರು?"

ನಮ್ಮ ಕಡೆಯ ಶಾಸಕರಾಗಿದ್ದವರು ಅವರು. ಊರಿನ ಹೆಸರು ಕೇಳಿದ ಕೂಡಲೇ ಅದು ತಮ್ಮ ಕ್ಷೇತ್ರದೊಳಗಿದೆಯೋ ಹೊರಗಿದೆಯೋ ಎಂಬುದು ಅವರಿಗೆ ಗೊತ್ತಾಗಿಬಿಡುತ್ತಿತ್ತು. ಒಳಗಿನದಾದರೆ "ಬಾ, ಕುಂದ್ರು" ಎಂದು ಬಂದವನ ಅಪ್ಪ, ಕಾಕ, ಸೋದರಮಾವನವರೆಗೆ ವಿಚಾರಿಸಿ, ಆ ದಿನವೇ ಅವನ ಜೊತೆ ಕೂಡ್ಲಿಗಿಯ ಕಚೇರಿಗೆ ಹೊರಡುತ್ತಿದ್ದರು. ಹೊರಗಿನದಾದರೆ ಚಹಾ ಬರುತ್ತಿತ್ತು, ಅದರ ಹಿಂದೆಯೇ "ನಿಮ್ಮ ಎಮ್ಮೆಲ್ಲೆನ್ನ ನೋಡ್ರಿ" ಎಂಬ ಮಾತೂ ಬರುತ್ತಿತ್ತು. "ಎಲ್ಲಾರ್ನೂ ಹೊರಾಕ ನಾನೇನು ಬಸ್ಸಲ್ಲ. ಓಟು ಹಾಕಿದೋರ್ನ ನೋಡಿದ್ರ ಸಾಕಾಗೈತಿ" ಎಂದು ನಮಗೆ ಹೇಳುತ್ತಿದ್ದರು. ಅದು ನ್ಯಾಯವಾದ ಮಾತೆಂದೇ ನಾನೂ ನಂಬಿದ್ದೆ.

ನಾನು ಅವರ ತಮ್ಮನ ಮಗ. ಅಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವರು ದೊಡ್ಡಪ್ಪನೇ. ಜೀಪು ಕಲಿಸಿದವರೂ ಅವರೇ. ಗೇರು ಕಿರುಗುಟ್ಟಿದರೆ ನನ್ನ ಕಿವಿ ಹಿಂಡುತ್ತಿದ್ದರು. ಓದು ತಲೆಗೆ ಹತ್ತಲಿಲ್ಲವಾಗಿ ಅವರ ಜೀಪಿಗೆ ಚಾಲಕನಾದೆ. ಶಾಸಕರ ಜೀಪು ಓಡಿಸುವವನು ತಾನೂ ಅರ್ಧ ಶಾಸಕ ಎಂದುಕೊಂಡಿರುತ್ತಾನೆ. ನಾನು ಮುಕ್ಕಾಲು ಎಂದುಕೊಂಡಿದ್ದೆ.

ಕೊಟ್ಟೂರಿನಿಂದ ಒಂದು ಸರಕಾರಿ ಬಸ್ಸನ್ನು ದೊಡ್ಡಪ್ಪ ಹಟ ಹಿಡಿದು ತಂದಿದ್ದರು. ಅದು ಅವರ ಕ್ಷೇತ್ರದ ಕೊನೆಯ ಹಳ್ಳಿಯವರೆಗೆ ಬಂದು, ಅಲ್ಲಿನ ಬೇವಿನ ಮರವನ್ನು ಸುತ್ತು ಹಾಕಿ ಹಿಂತಿರುಗುತ್ತಿತ್ತು. ಮರದಾಚೆ ಒಂದು ಹಳ್ಳ, ಹಳ್ಳದಾಚೆ ಇನ್ನೊಂದು ಊರು. ಆ ಊರು ಬೇರೆ ಕ್ಷೇತ್ರಕ್ಕೆ ಸೇರಿತ್ತು. ದಾರಿ ಇರಲಿಲ್ಲವೆಂದಲ್ಲ, ಶೇಂಗಾ ತುಂಬಿದ ಲಾರಿಗಳು ಆ ಹಳ್ಳ ದಾಟಿಯೇ ಬರುತ್ತಿದ್ದವು. ಬಸ್ಸು ಮಾತ್ರ ದಾಟುತ್ತಿರಲಿಲ್ಲ.

ಒಂದು ಬೇಸಿಗೆಯ ಕೊನೆಗೆ, ಶಾಲೆ ತೆರೆಯುವ ಹೊತ್ತಿನಲ್ಲಿ, ಅದೇ ಮರದ ಕೆಳಗೆ ಒಬ್ಬ ಹೆಂಗಸು ನಮ್ಮ ಜೀಪಿಗೆ ಕೈ ಅಡ್ಡ ಮಾಡಿದಳು. ಪಕ್ಕದಲ್ಲಿ ಅವಳ ಮಗಳು ನಿಂತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಎದೆಗೆ ಅವಚಿಕೊಂಡ ಬಟ್ಟೆಯ ಚೀಲ.

"ಯಪ್ಪಾ, ಮಗಳು ಏಳನೇತ್ತ ಪಾಸಾಗ್ಯಾಳ. ಕೊಟ್ಟೂರು ಹೈಸ್ಕೂಲಿಗೆ ಕಳಸ್ಬೇಕಂತ ಮಾಡೀನಿ. ಈ ಬಸ್ಸು ನಮ್ಮೂರಿಗಿ ಬಂದ್ರ ಚೊಲೊ ಆಕೈತ್ರಿ. ಹಳ್ಳದಾಗ ಹೆಣ್ಣುಮಗಳನ್ನ ಒಬ್ಬಾಕಿನ್ನ ಹೆಂಗ ಬಿಡ್ಲಿ?"

ದೊಡ್ಡಪ್ಪ ಉಂಡೆಯನ್ನು ಒತ್ತಿಕೊಂಡರು. "ಯಾವೂರವ್ವಾ?"

ಅವಳು ಹಳ್ಳದ ಕಡೆ ಕೈ ತೋರಿಸಿ ಊರಿನ ಹೆಸರು ಹೇಳಿದಳು.

"ಅದು ನಂದಲ್ಲವ್ವಾ. ನಿಮ್ಮ ಎಮ್ಮೆಲ್ಲೆನ್ನ ಕೇಳ್ರಿ."

ಹಿಂದಿನ ಸೀಟಿನಲ್ಲಿದ್ದ ಹಿಂಬಾಲಕನೊಬ್ಬ, "ಓಟು ಅಲ್ಲಿ ಹಾಕಿ ಬಸ್ಸು ಇಲ್ಲಿ ಕೇಳಾಕ ಹತ್ಯಾಳ ನೋಡ್ರಿ" ಎಂದ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕು, ಗೇರು ಬದಲಿಸಿ, ಅವರ ಮೇಲೆ ಧೂಳೆಬ್ಬಿಸಿಕೊಂಡು ಹೊರಟೆ. ಕನ್ನಡಿಯಲ್ಲಿ ಆ ಹುಡುಗಿ ಚೀಲದ ಮೇಲಿನ ಧೂಳು ಕೊಡವುತ್ತಿದ್ದುದು ಕಂಡಿತು.

ಆಮೇಲೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದರು. ದೊಡ್ಡಪ್ಪನಿಗೆ ತಲೆತಲಾಂತರದಿಂದ ಗೊತ್ತಿದ್ದ ಅರ್ಧ ಊರುಗಳು ಆಚೆಗೆ ಹೋದವು. ಕಂಡು ಕೇಳರಿಯದ ಊರುಗಳು ಈಚೆಗೆ ಬಂದವು. ಅವುಗಳಲ್ಲಿ ಹಳ್ಳದಾಚೆಯ ಊರೂ ಒಂದು. ಅದು ಸಣ್ಣ ಊರಲ್ಲ. ಸುತ್ತಲಿನ ಹಳ್ಳಿಗಳೆಲ್ಲ ಅದರ ಮಾತು ಕೇಳುತ್ತಿದ್ದವು. ಅಷ್ಟರಲ್ಲಿ ಪಕ್ಷದ ಹರೆಯದ ಹುಡುಗನೊಬ್ಬ ಟಿಕೆಟ್ಟಿಗೆ ಕಣ್ಣು ಹಾಕಿದ್ದ. "ಹೊಸ ಊರುಗಳನ್ನ ಹಿಡಿದು ತೋರಿಸ್ರಿ, ಟಿಕೆಟ್ ನಿಮ್ಮದೇ" ಎಂದು ಹಿರಿಯರು ದೊಡ್ಡಪ್ಪನಿಗೆ ಹೇಳಿ ಕಳಿಸಿದರು.

ಹಿಂಬಾಲಕರು ಉಪಾಯ ಹೇಳಿದರು: ಮೊದಲು ಬಸ್ಸು, ಆಮೇಲೆ ಓಟು. ದೊಡ್ಡಪ್ಪ ಬಸ್ ಡಿಪೋಗೆ ಹೋಗಿ ಒಂದು ಮಾತು ಹೇಳಿದರು. ಒಂದೇ ಮಾತು. ವಾರ ಕಳೆಯುವುದರೊಳಗೆ ಬಸ್ಸು ಹಳ್ಳ ದಾಟಿತು.

ನಾವು ಓಟು ಕೇಳಲು ಹೋದ ದಿನ ಊರವರು ಹಲಗೆ ಬಾರಿಸಿ ಕರೆದೊಯ್ದರು. ಒಬ್ಬರೂ ಹಳೆಯದನ್ನು ಎತ್ತಲಿಲ್ಲ. ಮನೆ ಮನೆಗೆ ಹೋಗುತ್ತಾ ಒಂದು ಜಗಲಿಯಲ್ಲಿ ಕುಳಿತಾಗ, ಒಳಗಿಂದ ನೀರು ಬೆಲ್ಲ ಹಿಡಿದು ಬಂದವಳು ಅದೇ ಹೆಂಗಸು. ನಾನು ಗುರುತು ಹಿಡಿದೆ. ದೊಡ್ಡಪ್ಪನೂ ಹಿಡಿದರು.

"ಮಗಳು ಸಾಲಿಗಿ ಹೊಕ್ಕಾಳೇನವ್ವಾ? ಈಗ ಬಸ್ಸು ಬಂತಲ್ಲ" ಎಂದರು.

"ಇಲ್ರೀ ಯಪ್ಪಾ. ಆಕಿನ್ನ ಹೊಳಲಿಗೆ ಮದುವಿ ಮಾಡಿ ಕೊಟ್ಟೀವಿ. ಸಾಲಿ ಬಿಟ್ಟ ಹುಡುಗಿ, ಮನ್ಯಾಗ ಎಷ್ಟು ದಿನ ಇಟಗೊಳ್ಳಾಕ ಆಕೈತ್ರಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನೀರಿನ ತಂಬಿಗೆಯನ್ನು ಮುಂದೆ ಹಿಡಿದು ಕೇಳಿದಳು: "ನಾವು ಈಗ ನಿಮ್ಮೋರಾದ್ವೇನ್ರಿ?"

ಅವಳು ಚುಚ್ಚಲೆಂದು ಕೇಳಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದಳು. ದೊಡ್ಡಪ್ಪನ ಕೈಯಲ್ಲಿದ್ದ ಬೆಲ್ಲದ ಚೂರು ಕೈಯಲ್ಲೇ ಉಳಿಯಿತು. ತಲೆ ತಗ್ಗಿಸಿ ಎದ್ದು, ಯಾರಿಗೂ ಹೇಳದೆ ಜೀಪಿನಲ್ಲಿ ಬಂದು ಕುಳಿತರು. ಬೇವಿನ ಮರದ ಹತ್ತಿರ ಬಂದಾಗ ಗಾಡಿ ನಿಲ್ಲಿಸಲು ಹೇಳಿ, ಇಳಿದು, ಬಾಯಲ್ಲಿದ್ದುದನ್ನೆಲ್ಲ ಉಗಿದರು.

"ಲೇ ತಮ್ಮಾ, ಆವತ್ತ ಒಂದು ಮಾತಿನ ಕೆಲಸ ಇತ್ತಲ್ಲೋ. ಹುಡುಗಿ ಓದ್ತಿದ್ಲು" ಎಂದರು.

ಹರಪನಹಳ್ಳಿಯಲ್ಲಿ ಪಕ್ಷದ ಹಿರಿಯರು ಕರೆದು, "ಹೊಸ ಊರು ಕೈಯಾಗ ಅದಾವೇನು?" ಎಂದು ಕೇಳಿದಾಗ ದೊಡ್ಡಪ್ಪ, "ಅದಾವ್ರಿ. ಅವರ ಮುಂದ ನಿಂದ್ರಾಕ ನನಗ ಮುಖ ಇಲ್ಲ. ಆ ಹುಡುಗಗ ಕೊಡ್ರಿ" ಎಂದು ಎದ್ದು ಬಂದರು. ಊರ ತುಂಬ ಬೇರೆಯೇ ಸುದ್ದಿ ಹಬ್ಬಿತು: ಗಡಿ ಬದಲಾಗಿ ಮುದುಕ ಮೂಲೆಗೆ ಬಿದ್ದ, ಸೋಲುತ್ತೇನೆಂದು ಹೆದರಿದ. ದೊಡ್ಡಪ್ಪ ಅದನ್ನು ಅಲ್ಲಗಳೆಯಲಿಲ್ಲ. ಊರಲ್ಲಿ ನಿಜ ಗೊತ್ತಿದ್ದವನು ನಾನೊಬ್ಬನೇ, ಮತ್ತು ನನಗೇ ಅವರ ಮೇಲೆ ಸಿಟ್ಟು ಬಂದಿತ್ತು. ಯಾವಳೋ ಒಬ್ಬ ಹೆಂಗಸು ನೀರು ಕೊಟ್ಟು ಮಾತಾಡಿದ್ದಕ್ಕೆ ಕೈಯಲ್ಲಿದ್ದ ಟಿಕೆಟ್ ಬಿಟ್ಟುಕೊಡುವುದೇ? ಕೊಟ್ಟೂರಿನ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತಾ ಜನ ಅವರನ್ನು ಹಂಗಿಸಿದಾಗ ನಾನು ಬಾಯಿ ಬಿಡಲಿಲ್ಲ. ನನ್ನ ಮುಕ್ಕಾಲು ಶಾಸಕಗಿರಿ ಹೋದದ್ದೇ ನನಗೆ ದೊಡ್ಡ ದುಃಖವಾಗಿತ್ತು. ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಅಧಿಕಾರ ಹೋದ ಮೇಲೂ ಕಟ್ಟೆಗೆ ಜನ ಬರುತ್ತಿದ್ದರು. ತೆಲಿಗಿ ಕಡೆಯಿಂದ ಬಂದರೂ, ಹಡಗಲಿ ಕಡೆಯಿಂದ ಬಂದರೂ ದೊಡ್ಡಪ್ಪ ಈಗ ಕೇಳುತ್ತಿದ್ದುದು "ಉಂಡೀರೇನು?" ಎಂದು. ಆಮೇಲೆ "ಏನಾಗ್ಬೇಕು?" ಜೀಪು ಮಾರಿದ್ದರಿಂದ ಬಸ್ಸಿನಲ್ಲೇ ಅವರ ಜೊತೆ ಕಚೇರಿಗೆ ಹೋಗುತ್ತಿದ್ದರು. ಹೊಸ ಗುಮಾಸ್ತರು ಕುರ್ಚಿಯನ್ನೂ ಕೊಡುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತು ಕಾಯುತ್ತಿದ್ದರು. ಆ ಹುಡುಗಿಯ ಮಟ್ಟಿಗೆ ಮಾತ್ರ ಮಾಡಲು ಏನೂ ಉಳಿದಿರಲಿಲ್ಲ. ಆ ಮಾತು ಬಂದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಎಂಬತ್ತರ ದಶಕದಲ್ಲಿ ಅವರು ತೀರಿಕೊಂಡಾಗ ಎಡಗೆನ್ನೆ ಒಳಕ್ಕೆ ಹೋಗಿ, ಮುಖ ಬೇರೆಯವರದೆಂಬಂತೆ ಕಾಣುತ್ತಿತ್ತು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲಿ ನಿಂತು ಬಂದವರನ್ನು ಸಾಲಾಗಿ ಬಿಡುತ್ತಿದ್ದವನು ನಾನು. ತಲೆ ನರೆತ ಹೆಂಗಸೊಬ್ಬಳು ಕೈಯಲ್ಲಿ ಹೂವು ಹಿಡಿದು ಮುಂದೆ ಬಂದಳು. ಗುರುತು ಸಿಗಲಿಲ್ಲ. ಸಾಲು ಬಿಟ್ಟು ನುಗ್ಗುತ್ತಿದ್ದಾಳೆಂದು ಕೈ ಅಡ್ಡ ಹಿಡಿದು, ಹಳೆಯ ಗತ್ತಿನಲ್ಲೇ ಕೇಳಿದೆ: "ಯಾವೂರವ್ವಾ?"

ಅವಳು ನನ್ನ ಮುಖವನ್ನು ನೋಡಿದಳು. ಗುರುತು ಅವಳಿಗೆ ಸಿಕ್ಕಿತ್ತು.

"ಅವರು ಅದನ್ನ ಕೇಳಾದು ಬಿಟ್ಟಿದ್ರಲ್ಲಪ್ಪಾ" ಎಂದಳು.

ಅಂದು ಜಗಲಿಯಲ್ಲಿ ನೀರು ಬೆಲ್ಲ ಕೊಟ್ಟವಳ ದನಿ ಅದು. ನಾನು ಅಡ್ಡ ಹಿಡಿದ ಕೈ ತೆಗೆದೆ. ಮನೆಯಲ್ಲಿ ಎಲ್ಲರೂ ಅಳುತ್ತಿದ್ದುದರಿಂದ, ನನಗೆ ಅಳು ಬಂದದ್ದು ಯಾತಕ್ಕೆಂದು ಯಾರೂ ಕೇಳಲಿಲ್ಲ.